ಎರಡು ಮನೆಗೆ ಒಂದೇ ಗಾಳಿ

ದಮ್ಮಾಮ್‌ನಿಂದ ಹೊರಟು, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ, ಎತ್ತರದ ಗೋಡೆಯೊಂದರ ಹಿಂದೆ ಒಂದು ಅಮೆರಿಕನ್ ಊರು ಇದೆ. ಟ್ಯಾಕ್ಸಿಯವರು ಅದನ್ನು 'ಅಮ್ರೀಕಿ' ಎನ್ನುತ್ತಾರೆ. ಈಗ ಅಲ್ಲಿ ಅಮೆರಿಕದವರು ಒಬ್ಬರೂ ಇಲ್ಲ. ಮದುವೆಯಾಗಿ ಬಂದಂದಿನಿಂದ ನಾನು ಅಲ್ಲೇ ಇದ್ದೆ. ಮಂಗಳೂರಿನಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದವಳಾದ್ದರಿಂದ ಆ ಊರಿನ ಕಥೆಯನ್ನು ಯಾವಾಗಲಾದರೂ ಬರೆಯಬೇಕೆಂದು ಆಸೆ ಇಟ್ಟುಕೊಂಡಿದ್ದೆ. ಈಗ ಬರೆಯಲು ಕುಳಿತರೆ ಬೀದಿಗಳಿಗಿಂತ ಮೊದಲು ಒಂದು ಶುಕ್ರವಾರದ ಮಧ್ಯಾಹ್ನ ಬಂದು ಎದುರಿಗೆ ನಿಲ್ಲುತ್ತದೆ. ಆ ಮಧ್ಯಾಹ್ನ, ಆ ಊರಿನ ನಮ್ಮ ಮನೆಯಲ್ಲಿ, ಒಂದನೇ ತರಗತಿ ಮುಗಿಸಿದ್ದ ನನ್ನ ಮಗಳ ಉಸಿರು ನಿಲ್ಲುವುದರಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟು ಊರಿನ ಕಥೆ ಹೇಳಲು ನೋಡಿದೆ. ಆಗಲಿಲ್ಲ. ಎರಡೂ ಒಂದೇ ಕಥೆ.

ಎಣ್ಣೆಯ ದುಡ್ಡು ಈ ದೇಶಕ್ಕೆ ಹೊಸದಾಗಿ ಹರಿದು ಬಂದ ಕಾಲದಲ್ಲಿ ಅಮೆರಿಕದ ಒಂದು ಕಟ್ಟಡ ಕಂಪನಿ ತನ್ನ ಇಂಜಿನಿಯರುಗಳ ಸಂಸಾರಗಳಿಗಾಗಿ ಆ ಊರನ್ನು ಕಟ್ಟಿತಂತೆ. ತಮ್ಮ ನಗರಗಳ ಹೊರವಲಯದಲ್ಲಿ ಎಂಥ ಊರಿತ್ತೋ ಅಂಥದ್ದನ್ನೇ ತಂದು ಮರಳಿನ ಮೇಲೆ ಹಾಸಿದ್ದರು. ಬೀದಿಗಳು ನೇರ ಹೋಗುವುದಿಲ್ಲ. ಬೇಕೆಂದೇ ಬಳಸಿ ಬಳಸಿ, ಕೊನೆಗೆ ತಟ್ಟೆಯ ಹಾಗೆ ದುಂಡಗಾಗಿ ಮುಗಿಯುತ್ತವೆ. ಬೀದಿಗಳಿಗೆಲ್ಲ ಮರಗಳ ಹೆಸರು: ಮೇಪಲ್, ಓಕ್, ಸೀಡರ್. ಆ ಮರಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇದ್ದದ್ದು ಬೇವು ಮತ್ತು ಕಾಗದದ ಹೂವಿನ ಬಳ್ಳಿ. ತಗ್ಗು ಮಾಡಿನ ಒಂದೇ ಅಂತಸ್ತಿನ ಮನೆಗಳು, ಎದುರು ಬಾಗಿಲಿಗಿಂತ ದೊಡ್ಡದಾದ ಗ್ಯಾರೇಜಿನ ಬಾಗಿಲು, ಅಂಚೆಯವನೇ ಬರದ ಊರಿನಲ್ಲಿ ಮನೆ ಮನೆಯ ಮುಂದೆ ಕಂಬದ ಮೇಲೆ ಕೂತ ಅಂಚೆ ಡಬ್ಬಿ. ಸೌದಿಯವರ ಮನೆಗಳಿಗೆ ಒಂದೊಂದಕ್ಕೂ ಆಳೆತ್ತರದ ಗೋಡೆ ಇರುತ್ತದೆ. ಅಮೆರಿಕದವರು ಮನೆಗಳ ನಡುವೆ ಗೋಡೆಯೇ ಇಲ್ಲದಂತೆ ಮಾಡಿ, ಇಡೀ ಊರಿಗೆ ಒಂದು ಗೋಡೆ ಎಬ್ಬಿಸಿದ್ದರು. ಹೊರಗಿನ ಭಯ ಇದ್ದವರು, ಒಳಗೆ ಪರಸ್ಪರ ಭಯವಿಲ್ಲದೆ ಇದ್ದವರು ಎಂದು ಬಂದ ಹೊಸತರಲ್ಲಿ ನನಗೆ ಅನಿಸಿತ್ತು.

ಪಕ್ಕದ ದೇಶದ ಯುದ್ಧಕ್ಕೆ ಹೆದರಿ ಕೆಲವರು, ಕೆಲಸದ ಕರಾರು ಮುಗಿದು ಉಳಿದವರು ಹೊರಟುಹೋದರು. ಊರು ಒಬ್ಬ ಮಾಲಿಕನ ಕೈಗೆ ಬಂತು. ಅವನು ಬಾಡಿಗೆಗೆ ಬಿಟ್ಟ. ಮೊದಲು ಈಜಿಪ್ಟಿನವರು, ಆಮೇಲೆ ಫಿಲಿಪೀನ್ಸಿನವರು, ಆಮೇಲೆ ನಾವು. ನಮ್ಮ ಸಂಬಳಗಳಿಗೆ ಅಂಥ ಇಡೀ ಮನೆ ದೊಡ್ಡದು. ಆದ್ದರಿಂದ ಮಾಲಿಕ ಪ್ರತಿ ಮನೆಯ ನಡುವೆ ಹಲಗೆಯ ಗೋಡೆ ನಿಲ್ಲಿಸಿ, ಆಚೆಗೊಂದು ಅಡುಗೆಮನೆ ಕಟ್ಟಿಸಿ, ಒಂದನ್ನು ಎರಡು ಮಾಡಿದ. ಹುಲ್ಲುಹಾಸು ಒಣಗಿ ಮರಳಾಯಿತು. ಈಜುಕೊಳ ಬತ್ತಿ, ಅದರ ಇಳಿಜಾರಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ನಮ್ಮ ಗ್ಯಾರೇಜಿನ ಮುಂದೆ ಬಾಸ್ಕೆಟ್‌ಬಾಲಿನ ಕಬ್ಬಿಣದ ಕಂಬ ಒಂದು ಉಳಿದಿತ್ತು. ಅದಕ್ಕೆ ಹಗ್ಗ ಕಟ್ಟಿ ನಾನೂ ಆಚೆಮನೆಯ ಅಕ್ಕನೂ ಬಸಳೆ ಹಬ್ಬಿಸಿದ್ದೆವು.

ಆಚೆಮನೆಯ ಅಕ್ಕ ಎಂದರೆ ಹಲಗೆ ಗೋಡೆಯ ಆ ಬದಿಯಲ್ಲಿದ್ದವಳು. ಬಂಟ್ವಾಳ ಕಡೆಯ ಬ್ಯಾರಿಗಳು. ಅವಳ ಗಂಡ, ನಾನು ಅಣ್ಣ ಎಂದು ಕರೆಯುತ್ತಿದ್ದವರು, ಒಂದು ಗೋದಾಮಿನಲ್ಲಿ ಮೇಲ್ವಿಚಾರಕ. ಅವರ ದೊಡ್ಡ ಮಗಳು ನನ್ನ ಮಗಳ ತರಗತಿಯಲ್ಲೇ ಇದ್ದಳು. ಅಕ್ಕ ನನಗಿಂತ ಸ್ವಲ್ಪವೇ ದೊಡ್ಡವಳು. ಆದರೂ ಹೊಸದಾಗಿ ಬಂದ ನನಗೆ ಇಲ್ಲಿ ಬದುಕುವುದನ್ನು ಕಲಿಸಿದ್ದು ಅವಳೇ. ಯಾವ ನಲ್ಲಿಯ ನೀರು ಕುಡಿಯಲಿಕ್ಕೆ, ಯಾವುದು ತೊಳೆಯಲಿಕ್ಕೆ, ಹೊರಗೆ ಹೋಗುವಾಗ ಮೇಲೆ ತೊಡುವ ಅಬಾಯದ ಒಳಗೆ ಸೆರಗು ಸಿಕ್ಕಿಕೊಳ್ಳದ ಹಾಗೆ ಸೀರೆ ಉಡುವುದು ಹೇಗೆ, ಎಲ್ಲ ಅವಳಿಂದ ಕಲಿತದ್ದು. ನಾವು ಮಾತಾಡುತ್ತಿದ್ದುದು ತುಳು, ಕನ್ನಡ ಎರಡೂ ಕೂಡಿದ ಒಂದು ಭಾಷೆ. ಮಕ್ಕಳು ತಮ್ಮೊಳಗೆ ಇಂಗ್ಲಿಷಿನಲ್ಲಿ ಜಗಳ ಆಡುತ್ತಿದ್ದರು.

ಒಂದು ಚಳಿಗಾಲದಲ್ಲಿ ವಯಸ್ಸಾದ ಅಮೆರಿಕನ್ ಹೆಂಗಸೊಬ್ಬರು ನಮ್ಮ ಬಾಗಿಲಿಗೆ ಬಂದರು. ಅವರ ಬಾಲ್ಯ ಆ ಮನೆಯಲ್ಲಿ ಕಳೆದಿತ್ತಂತೆ. ಒಳಗೆ ಬಂದು ನೋಡಬಹುದೇ ಎಂದು ಕೇಳಿದರು. ನಾನು ಚಹಾ ಮಾಡಿ ಕೊಟ್ಟೆ. ಅಕ್ಕನೂ ಬಂದಳು. ಅವರು ಕೋಣೆ ಕೋಣೆ ನಡೆದು, ಹಲಗೆ ಗೋಡೆಯ ಎದುರು ನಿಂತು, ಅದರ ಮೇಲೆ ಅಂಗೈ ಇಟ್ಟರು. ಇಲ್ಲಿ ನಮ್ಮ ಊಟದ ಮೇಜಿತ್ತು ಎಂದರು. ಆಮೇಲೆ ಮಗಳ ಕೋಣೆಯಲ್ಲಿ, ಗೋಡೆಯ ಮೇಲ್ಭಾಗದ ಗಾಳಿಜಾಲರಿಯನ್ನು ತೋರಿಸಿ ನಕ್ಕರು. ಇಡೀ ಮನೆಗೆ ತಂಪು ಗಾಳಿ ಬರುವುದು ಮಾಡಿನ ಒಳಗಿನ ತಗಡಿನ ಕೊಳವೆಗಳಿಂದ. ತಾವು ಈ ಜಾಲರಿಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆಚೆ ಕೋಣೆಯ ಜಾಲರಿಯಲ್ಲಿ ತಮ್ಮನಿಗೆ ಕೇಳುತ್ತಿತ್ತು ಎಂದು ಹೇಳಿದರು. ತಮ್ಮ ತಂದೆ ಅಮೆರಿಕದಲ್ಲಿ ಬಿಟ್ಟು ಬಂದ ಮನೆಯೂ ಬಾಗಿಲಿನ ಬಣ್ಣದವರೆಗೆ ಇಂಥದ್ದೇ ಆಗಿತ್ತಂತೆ. ಅಲ್ಲಿಯೂ ಈಗ ಆ ಬೀದಿಯ ಜನ ಹೋಗಿದ್ದಾರೆ, ಅಂಗಡಿಸಾಲು ಮುಚ್ಚಿದೆ, ಒಂದೊಂದು ಮನೆಯಲ್ಲಿ ಎರಡೆರಡು ಸಂಸಾರ ಇವೆ ಎಂದರು. ಹೊರಡುವಾಗ ಬಸಳೆಯ ಕಂಬವನ್ನು ತುಂಬ ಹೊತ್ತು ನೋಡಿದರು.

ಆ ಜಾಲರಿಯ ಗುಟ್ಟು ನಮಗೆ ಆಗಲೇ ಗೊತ್ತಿತ್ತು. ಮಾಲಿಕ ಮನೆಯನ್ನು ಎರಡು ಮಾಡಿದ್ದ, ಏಸಿಯನ್ನು ಎರಡು ಮಾಡಿರಲಿಲ್ಲ. ಯಂತ್ರ ಒಂದೇ, ಕೊಳವೆ ಒಂದೇ. ಮಕ್ಕಳು ಮಂಚದ ಮೇಲೆ ಕುರ್ಚಿ ಇಟ್ಟು ಹತ್ತಿ ಜಾಲರಿಯಲ್ಲಿ ಫೋನು ಆಟ ಆಡುತ್ತಿದ್ದರು. ನಾವೂ ಅಷ್ಟೆ. ಅಕ್ಕ ಅಲ್ಲಿಂದ ಕೂಗಿ ಕೇಳುವಳು: "ಮಾರಾಯ್ತಿ, ಹುಳಿ ಉಂಟಾ ನಿನ್ನಲ್ಲಿ?" ಅವಳ ಮನೆಯ ಒಗ್ಗರಣೆ ನನ್ನ ಮನೆಯಲ್ಲಿ ಸೀನು ಬರಿಸುತ್ತಿತ್ತು. ನಾನು ಊದುಬತ್ತಿ ಹಚ್ಚಿದರೆ ಅವರ ಮನೆಯ ಪರದೆಗೂ ಪರಿಮಳ. ಇದನ್ನೆಲ್ಲ ನಾವು ಹೇಳಿಕೊಂಡು ನಗುತ್ತಿದ್ದೆವು. ಗಾಳಿ ಮಾತನ್ನು ತಂದ ಹಾಗೆ ಬೇರೆಯದನ್ನೂ ತರಬಹುದು ಎಂದು ಆ ಎರಡು ಮನೆಗಳಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮವರು ಬೇಸಿಗೆಯ ರಜೆಗೆ ಊರಿಗೆ ಹೊರಡುವುದು ಒಂದು ಶಾಸ್ತ್ರವಿದ್ದ ಹಾಗೆ. ಕಂಬಳಿ, ಹಾಲಿನ ಪುಡಿ, ಸಾಬೂನು ತುಂಬಿದ ಪೆಟ್ಟಿಗೆಗಳನ್ನು ತೂಗಿ ತೂಗಿ ಬಿಚ್ಚಿ ಕಟ್ಟುವುದು, ಫ್ರಿಜ್ ಖಾಲಿ ಮಾಡಿ ಉಳಿದದ್ದನ್ನು ಪಕ್ಕದವರಿಗೆ ಕೊಡುವುದು, ಗ್ಯಾಸು ಮುಚ್ಚುವುದು, ಕೀಲಿಕೈ ಒಪ್ಪಿಸುವುದು. ಕೊನೆಯ ಕೆಲಸ, ಜಿರಳೆಗೆ ತಿಗಣೆಗೆ ಮದ್ದು. ಮನೆ ಹೇಗೂ ಮುಚ್ಚಿರುತ್ತದೆ; ಮದ್ದು ಇಟ್ಟು ಬೀಗ ಹಾಕಿ ಹೋದರೆ ಬಂದ ಮೇಲೆ ಸತ್ತದ್ದನ್ನು ಗುಡಿಸಿದರಾಯಿತು. ಎಲ್ಲರೂ ಮಾಡುತ್ತಿದ್ದರು. ಹಿಂದಿನ ವರ್ಷ ಅಕ್ಕನ ಮನೆಯವರು ಹಿಂತಿರುಗಿದಾಗ ತಿಗಣೆ ಮಕ್ಕಳ ಬಟ್ಟೆಗೂ ಹತ್ತಿತ್ತು. ಅಕ್ಕ ಅದಕ್ಕಾಗಿ ಅತ್ತದ್ದು ನನಗೆ ನೆನಪಿದೆ. ಈ ಸಲ ಅಣ್ಣ ಗಟ್ಟಿ ಮದ್ದು ತಂದಿದ್ದರು. ಅದು ನಮಗೆ ಗೊತ್ತಿರಲಿಲ್ಲ.

ಅವರು ಗುರುವಾರ ಬೆಳಿಗ್ಗೆ ಹೊರಟರು. ಅಕ್ಕನ ತಂಗಿಯ ಮದುವೆಯಿತ್ತು. ಅಕ್ಕ ಕೀಲಿಕೈ ಕೊಟ್ಟು, ಬಸಳೆಗೆ ನೀರು ಹಾಕಲು ಹೇಳಿ, ನನ್ನ ಮಗಳ ಕೆನ್ನೆ ಹಿಂಡಿ, ನಿನಗೆ ಮದರಂಗಿ ಕೋನು ತರುತ್ತೇನೆ ಎಂದಳು. ಅಣ್ಣ ಬಾಗಿಲ ಸಂದಿಗೆ ಟೇಪು ಅಂಟಿಸುತ್ತಿದ್ದುದನ್ನು ನಾನು ಕಂಡೆ. ಧೂಳು ಬಾರದಿರಲಿ ಎಂದು ಎಲ್ಲರೂ ಅಂಟಿಸುತ್ತಾರೆ. ಆ ಟೇಪನ್ನು ಹಲ್ಲಿನಿಂದ ಕಡಿಯುತ್ತಿದ್ದ ಅಣ್ಣನ ಮುಖ ಈಗ ಬೇಡವೆಂದರೂ ಕಣ್ಣಿಗೆ ಬರುತ್ತದೆ.

ಮರುದಿನ ಶುಕ್ರವಾರ. ನನ್ನ ಗಂಡ ಕತೀಫಿನ ಮಾರುಕಟ್ಟೆಗೆ ಹೋಗಿ ಬಂಗುಡೆ ತಂದರು. ತಾಜಾ ಮೀನು, ಕಿವಿರು ಕೆಂಪಗಿತ್ತು. ತೊಳೆದು, ಪುಳಿಮುಂಚಿ ಮಾಡಿ, ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಮನೆಯಲ್ಲಿ ಮೀನಿನ ವಾಸನೆ, ಬೆಳ್ಳುಳ್ಳಿಯ ವಾಸನೆ. ಊಟ ಮುಗಿಸಿ ಪಾತ್ರೆ ತೊಳೆದ ಮೇಲೂ ಅದು ಹೋಗಲಿಲ್ಲ. ಹೆಚ್ಚಾಗುತ್ತಿರುವ ಹಾಗೆ ಕಂಡಿತು. ಕಡಲ ಕರೆಯಲ್ಲಿ ಹುಟ್ಟಿದವರಿಗೆ ಮೀನಿನ ವಾಸನೆ ಎಂದರೆ ಅಡುಗೆಯಾಗಿದೆ ಎಂದರ್ಥ. ಸಿಂಕಿಗೆ ಲಿಂಬೆ ಉಜ್ಜಿದೆ, ಕಸದ ಚೀಲ ಹೊರಗಿಟ್ಟು ಬಂದೆ. ಹೊರಗೆ ಸಮುದ್ರದ ಕಡೆಯ ಬಿಸಿ ತೇವ ಮುಖಕ್ಕೆ ಬಡಿಯಿತು. ಬಾಗಿಲು ಭದ್ರವಾಗಿ ಮುಚ್ಚಿ ಏಸಿಯನ್ನು ಜೋರು ಮಾಡಿದೆ. ಮಗಳು ಹೊಟ್ಟೆನೋವು ಎಂದಳು. ಮಲಗು, ಹೋಗ್ತದೆ ಎಂದು ಅವಳ ಕೋಣೆಯಲ್ಲಿ ಮಲಗಿಸಿದೆ. ನನಗೂ ತಲೆ ಭಾರವಾಗಿತ್ತು. ಗಂಡ ಸೋಫಾದಲ್ಲಿ ಒರಗಿದ್ದರು.

ಇಲ್ಲಿಂದ ಮುಂದಿನದು ನನಗೆ ಕ್ರಮವಾಗಿ ಬರುವುದಿಲ್ಲ. ಬರೆಯುವಾಗ ಜೋಡಿಸುತ್ತಿದ್ದೇನೆ. ಅವಳು ವಾಂತಿ ಮಾಡಿದ ಸದ್ದು ಕೇಳಿ ಎದ್ದೆ. ಎದ್ದಾಗ ನೆಲ ಪಕ್ಕಕ್ಕೆ ಸರಿಯಿತು. ಕೋಣೆಯ ಬಾಗಿಲು ತೆಗೆದಾಗ ವಾಸನೆ ಅಲ್ಲಿ ಇನ್ನೂ ದಪ್ಪವಾಗಿತ್ತು, ಕೊಳೆತ ಮೀನಿನದು. ಅವಳ ತುಟಿ ನೇರಳೆಯಾಗಿತ್ತು. ಕೈ ತಣ್ಣಗೆ ಬೆವತಿತ್ತು. ಅಮ್ಮಾ ಎನ್ನಲು ನೋಡಿದಳು, ಬಾಯಿ ಮಾತ್ರ ಆಡಿತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಗಂಡ ಬಂದು ಅವಳನ್ನು ಎತ್ತಿಕೊಂಡರು. ಅವರೂ ಬಾಗಿಲ ಬಳಿ ವಾಂತಿ ಮಾಡಿದರು. ಕಾರಿನಲ್ಲಿ ಅವರು ದಾರಿಯುದ್ದಕ್ಕೂ ಮೀನು ಮಾರಿದವನನ್ನು ಬಯ್ಯುತ್ತಿದ್ದರು. ಮೇಪಲ್ ಬೀದಿ ಬಳಸಿತು, ಸೀಡರ್ ಬೀದಿ ಬಳಸಿತು. ನೇರ ಹೋಗುವ ಒಂದು ರಸ್ತೆಯೂ ಇಲ್ಲದ ಹಾಗೆ ಊರು ಕಟ್ಟಿದವರ ಮೇಲೆ ನನಗೆ ಆಗ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ನಾವು ಮೀನು ಎಂದೇ ಹೇಳಿದೆವು. ಅವರೂ ಹಾಗೆಯೇ ಬರೆದುಕೊಂಡು ಸಲೈನು ಏರಿಸಿದರು. ಹೊರಗಿನ ಗಾಳಿಯಲ್ಲಿ ನಮ್ಮಿಬ್ಬರ ತಲೆ ತಿಳಿಯಾಗುತ್ತಾ ಬಂತು, ಮಗಳದ್ದು ಆಗಲಿಲ್ಲ. ಅವಳ ಎದೆಗೆ ಅಂಟಿಸಿದ ತಂತಿಗಳ ಗೆರೆ ಪರದೆಯ ಮೇಲೆ ತಪ್ಪಿ ತಪ್ಪಿ ಓಡುತ್ತಿತ್ತು. ಮಕ್ಕಳ ಡಾಕ್ಟರು ಸುಡಾನಿನವರು. ಎತ್ತರದ, ಮೆಲುದನಿಯ ಮನುಷ್ಯ. ಅವಳ ಬಾಯಿಯ ಬಳಿ ಬಾಗಿ ಮೂಸಿದರು. ಪರದೆಯನ್ನು ನೋಡಿದರು. ನಮ್ಮ ಕಡೆಗೆ ತಿರುಗಿ, ಮೀನಿನ ವಿಷಯ ಬಿಟ್ಟು, ನಾನು ಊಹಿಸದೇ ಇದ್ದ ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಪಕ್ಕದ ಮನೆಯವರು ರಜೆಗೆ ಹೋಗಿದ್ದಾರೆಯೇ?"

ಹೌದು, ನಿನ್ನೆ ಹೋದರು ಎಂದೆ. ಅವರು ಕಣ್ಣು ಮುಚ್ಚಿ ತೆರೆದರು. ಬೇಸಿಗೆ ಬಂದರೆ ಇಂಥ ಮಕ್ಕಳು ಬರುತ್ತಾರೆ ಎಂದರು. ಗೋದಾಮಿನ ಧಾನ್ಯಕ್ಕೆ ಹಾಕುವ ಗುಳಿಗೆಯನ್ನು ಜನ ಕದ್ದು ತಂದು ಮನೆಯಲ್ಲಿ ಇಡುತ್ತಾರೆ, ತೇವ ತಗುಲಿದರೆ ಅದು ಮೀನು ಬೆಳ್ಳುಳ್ಳಿಯ ಹಾಗೆ ನಾರುವ ವಿಷಗಾಳಿಯಾಗುತ್ತದೆ, ಮಕ್ಕಳ ಹೃದಯವನ್ನು ಹಿಡಿಯುತ್ತದೆ ಎಂದರು. ಅದೇ ಹೌದಾದರೆ ಇವಳನ್ನು ಈ ಕ್ಷಣ ಹೃದ್ರೋಗದ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕು; ಬರೀ ಅನುಮಾನದ ಮೇಲೆ ಅಲ್ಲಿ ಹಾಸಿಗೆ ಸಿಗುವುದು ಕಷ್ಟ. ಅವರನ್ನು ಕೇಳಿ, ಈಗಲೇ ಕೇಳಿ ಎಂದರು.

ಗಂಡ ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಎತ್ತಿದರು. ಹಿಂದೆ ಮದುವೆಮನೆಯ ಗದ್ದಲ. ಗುಳಿಗೆ ಎಂದ ಕೂಡಲೇ ಅವರ ಧ್ವನಿ ಬದಲಾಯಿತು. ಎಂತ ಗುಳಿಗೆ ಮಾರಾಯ, ಅಂಗಡಿಯಲ್ಲಿ ಸಿಗುವ ಸ್ಪ್ರೇ ಹೊಡೆದದ್ದು ಅಷ್ಟೆ, ನೀವು ಮೀನು ನೋಡಿ ತಗೊಳ್ಬೇಕಿತ್ತು ಎಂದರು. ಗಂಡ ಮತ್ತೆ ಮತ್ತೆ ಕೇಳಿದರು. ಅವರು ಸ್ಪ್ರೇ, ಸ್ಪ್ರೇ ಎಂದರು. ಅವರು ಸುಳ್ಳು ಹೇಳುವವರಲ್ಲ. ಭಯದಲ್ಲಿ ಹೇಳಿದರು. ಆ ಗುಳಿಗೆ ಇಲ್ಲಿ ಕಾನೂನಿಗೆ ವಿರುದ್ಧ. ಗೋದಾಮಿನಿಂದ ತಂದದ್ದು ಗೊತ್ತಾದರೆ ಕೆಲಸ ಹೋಗುತ್ತದೆ, ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ, ಹೋಗುತ್ತದೆ, ತಿರುಗಿ ಬಂದರೆ ಜೈಲು. ಅವರ ಲೆಕ್ಕದಲ್ಲಿ ನನ್ನ ಮಗಳಿಗೆ ಆದದ್ದು ಹೊಟ್ಟೆಯ ತೊಂದರೆ.

ನಾನು ನನ್ನ ಫೋನಿನಿಂದ ಅಕ್ಕನಿಗೆ ಮಾಡಿದೆ. ಮದರಂಗಿ ಹಾಕಿದ ಕೈಯಲ್ಲಿ ಫೋನು ಹಿಡಿಯಲಾಗದೆ ಸ್ಪೀಕರಿಗೆ ಹಾಕಿ ಮಾತಾಡಿದಳು. ಹಿಂದೆ ಹೆಂಗಸರು ನಗುತ್ತಿದ್ದರು. ಆಸ್ಪತ್ರೆಯಲ್ಲಿದ್ದೇನೆ ಎಂದೆ. ಮಗಳ ತುಟಿಯ ಬಣ್ಣ ಹೇಳಿದೆ. ಮನೆಯ ವಾಸನೆ ಹೇಳಿದೆ. ಡಾಕ್ಟರು ಕೇಳಿದ್ದನ್ನು ಹೇಳಿದೆ. ನಗುವ ಸದ್ದು ದೂರವಾಯಿತು. ಅವಳು ಎದ್ದು ಹೊರಗೆ ಹೋಗುತ್ತಿದ್ದಾಳೆಂದು ತಿಳಿಯಿತು.

"ಯಾವ ಕೋಣೆಯಲ್ಲಿ ಮಲಗಿದ್ದಳು?"

"ಅವಳದ್ದೇ ಕೋಣೆ. ಜಾಲರಿ ಇರುವುದು."

ಅವಳು ಹಿಂದಿನ ಬಾಗಿಲು ಎಳೆದುಕೊಂಡ ಸದ್ದು ಬಂತು.

"ಗುಳಿಗೆಯೇ," ಎಂದಳು. "ನಮ್ಮ ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ. ಅದನ್ನು ಇಡ್ಲಿಕ್ಕೆ ತಟ್ಟೆ ನಾನೇ ಕೊಟ್ಟದ್ದು."

ಹಿಂದಿನಿಂದ ಅಣ್ಣನ ಧ್ವನಿ ಬಂತು, ಹತ್ತಿರವೇ. "ನಿನಗೆ ತಲೆ ಸಮ ಉಂಟಾ? ಇಕಾಮಾ ಹೋಗ್ತದೆ. ಮಕ್ಕಳ ಶಾಲೆ ಹೋಗ್ತದೆ."

"ಹೋಗ್ಲಿ," ಎಂದಳು ಅವರಿಗೆ. ಆಮೇಲೆ ನನಗೆ: "ಡಾಕ್ಟರಿಗೆ ಕೊಡು ಫೋನು. ನೀನು ಹೇಳಿದರೆ ಅವರು ನಂಬದಿದ್ದರೆ?"

ಡಾಕ್ಟರು ಫೋನು ಹಿಡಿದರು. ಇಷ್ಟು ವರ್ಷ ಇಲ್ಲಿದ್ದು ಅಕ್ಕ ಕಲಿತ ಅರಬಿ ತರಕಾರಿ ಅಂಗಡಿಯ ಅರಬಿ. ಅದರಲ್ಲೇ ಹೇಳಿದಳು. ಎಷ್ಟು ಗುಳಿಗೆ, ಯಾವಾಗ ಇಟ್ಟದ್ದು, ಡಬ್ಬಿಯ ಬಣ್ಣ. ಡಾಕ್ಟರು ನಡುನಡುವೆ 'ಉಖ್ತಿ' ಎನ್ನುತ್ತಿದ್ದರು, ತಂಗೀ ಎಂದು. ಕೊನೆಗೆ ಅವಳ ಹೆಸರು ಕೇಳಿದರು, ಗಂಡನ ಹೆಸರು ಕೇಳಿದರು. ಅವಳು ಎರಡನ್ನೂ ಹೇಳಿದ್ದು ನನಗೆ ಕೇಳಿಸಿತು.

ಅದರ ನಂತರ ಎಲ್ಲ ಬೇಗ ಬೇಗ ಆಯಿತು. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ಅತ್ತ ಸಿವಿಲ್ ಡಿಫೆನ್ಸಿನವರು ಮುಖವಾಡ ಹಾಕಿಕೊಂಡು ಬಂದು, ನಮ್ಮ ಬೀದಿಯ ಜನರನ್ನೆಲ್ಲ ಹೊರಗೆ ಕಳಿಸಿ, ಕೀಲಿಕೈಗೂ ಕಾಯದೆ ಅಕ್ಕನ ಮನೆಯ ಬಾಗಿಲು ಒಡೆದು ತಟ್ಟೆಯನ್ನು ಹೊರಗೆ ತಂದರಂತೆ. ಗಾಜಿನ ಆಚೆ ಮಗಳು ಮಲಗಿದ್ದಳು, ಬಾಯಲ್ಲಿ ಕೊಳವೆ. ಆ ವಿಷಕ್ಕೆ ಎದುರು ಮದ್ದಿಲ್ಲ, ಹೃದಯ ನಿಲ್ಲದ ಹಾಗೆ ಆಸರೆ ಕೊಟ್ಟು ಕಾಯಬೇಕು ಎಂದಿದ್ದರು. ಕಾದೆವು. ಒಂದು ಸಂಜೆ ಪರದೆಯ ಮೇಲಿನ ಗೆರೆ ಸಮವಾಯಿತು. ಮತ್ತೊಂದು ಬೆಳಿಗ್ಗೆ ಅವಳು ಕಣ್ಣು ತೆರೆದು ನೀರು ಕೇಳಿದಳು.

ಪೊಲೀಸರಿಗೆ ನಮ್ಮ ದೂರು ಏನೂ ಇಲ್ಲ ಎಂದು ಗಂಡ ಹೇಳಿದರು. ಅಧಿಕಾರಿ ಅದನ್ನು ಬರೆದುಕೊಂಡ. ಆದರೆ ಇದು ನಿಮ್ಮ ದೂರಿನ ಮೇಲೆ ನಿಂತ ಕೇಸು ಅಲ್ಲ ಎಂದ. ಅಣ್ಣನ ಕಂಪನಿ ಅವರನ್ನು ತೆಗೆಯಿತು. ಅವರ ಹೆಸರಿನ ಮೇಲೆ ಕೇಸು ಇರುವಾಗ ಹಿಂತಿರುಗುವ ಮಾತಿಲ್ಲ. ರಜೆಗೆಂದು ಕೆಲವೇ ಜೊತೆ ಬಟ್ಟೆ ತೆಗೆದುಕೊಂಡು ಹೋದ ಸಂಸಾರ ಅಲ್ಲೇ ಉಳಿಯಿತು.

ಅವರ ಮನೆ ಖಾಲಿ ಮಾಡಿದ್ದು ನಾನು. ಮಾಲಿಕ ಕೊಟ್ಟ ಗಡುವಿನೊಳಗೆ ಆಗಬೇಕಿತ್ತು. ಕಿಟಕಿಗಳನ್ನೆಲ್ಲ ತೆರೆದಿಟ್ಟು ಒಳಗೆ ಹೋದೆ. ಅಷ್ಟು ದಿನ ಗಾಳಿಯಾಡಿದ್ದ ಮನೆ; ವಾಸನೆ ಇರಲಿಲ್ಲ. ಆದರೂ ಉಸಿರು ಬಿಗಿಹಿಡಿದು ಹಿಡಿದು ಹೊರಗೆ ಬರುತ್ತಿದ್ದೆ. ಏನೇನು ಬೇಕೆಂದು ಅಕ್ಕ ಸಂದೇಶ ಕಳಿಸಿದ್ದಳು: ಮಕ್ಕಳ ಪುಸ್ತಕ, ಅತ್ತೆಯ ಕಾಲದ ಒಂದು ತಾಮ್ರದ ಚೆಂಬು, ಹೊಲಿಗೆ ಯಂತ್ರ. ಉಳಿದದ್ದನ್ನು ಯಾರಿಗಾದರೂ ಕೊಡು ಎಂದಿದ್ದಳು. ಜಿರಳೆಗಳು ಸತ್ತು ಬಿದ್ದಿದ್ದವು. ಅದನ್ನು ಗುಡಿಸುವಾಗ ನನಗೆ ಅಳು ಬಂತು. ಅವಳಿಗೆ ಬೇಕಾಗಿದ್ದದ್ದು ಮಕ್ಕಳು ಮಲಗಲು ಒಂದು ಶುದ್ಧ ಹಾಸಿಗೆ.

ನಾವೂ ಆ ಊರು ಬಿಟ್ಟೆವು. ಈಗ ದಮ್ಮಾಮಿನ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೇವೆ. ಕೋಣೆಗೊಂದು ಕಿಟಕಿ ಏಸಿ. ನಮ್ಮ ಗಾಳಿ ನಮ್ಮದು. ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿಲ್ಲ. ಮೀನು ತರುವುದು ನಿಂತಿದೆ. ಮಾಲುಗಳಲ್ಲಿ, ಶಾಲೆಯ ಸಭಾಂಗಣದಲ್ಲಿ, ಎಲ್ಲೇ ಮಾಡಿನ ಜಾಲರಿಯಿಂದ ತಂಪು ಗಾಳಿ ಬಿದ್ದರೂ ನಾನು ಮೊದಲು ಮೂಸುತ್ತೇನೆ. ಮನಸ್ಸು ಆ ಮಧ್ಯಾಹ್ನಕ್ಕೆ ಹೋಗಿ ಬಾಗಿಲು ತೆಗೆಯುತ್ತದೆ. ಕೆಲವೊಮ್ಮೆ ತಡವಾಗಿ ತೆಗೆಯುತ್ತದೆ. ಆಗ ಎದ್ದು ಹೋಗಿ ಮಗಳ ಎದೆಯ ಮೇಲೆ ಕೈ ಇಟ್ಟು ಬರುತ್ತೇನೆ.

ಸಾಮಾನು ತಲುಪಿದ ಮೇಲೆ ಅಕ್ಕ ಒಮ್ಮೆ ಫೋನ್ ಮಾಡಿದಳು. ಚೆಂಬು ಬಂತು ಎಂದಳು. ಅಣ್ಣ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕೂರುತ್ತಾರಂತೆ. ಮಗಳನ್ನು ಊರಿನ ಕನ್ನಡ ಶಾಲೆಗೆ ಹಾಕಿದ್ದಾರೆ, ಅವಳಿಗೆ ಅಕ್ಷರ ಬರುವುದಿಲ್ಲ, ಮಕ್ಕಳು ನಗುತ್ತಾರೆ ಎಂದಳು. ನಾನು ಏನೋ ಹೇಳಲು ಹೊರಟೆ. ಅವಳು ತಡೆದಳು.

"ಅವಳು ಓಡ್ತಾಳಾ?"

"ಓಡ್ತಾಳೆ ಅಕ್ಕ. ಮೆಟ್ಟಿಲು ಹತ್ತುವಾಗ ಮಾತ್ರ ನಿಂತು ನಿಂತು ಹತ್ತುತ್ತಾಳೆ. ಸರಿಹೋಗ್ತದೆ ಅಂತ ಡಾಕ್ಟರು ಹೇಳಿದ್ದಾರೆ."

ಅವಳು ಅಳುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಹೇಳಿದಳು: "ಇನ್ನು ನಾನು ಫೋನ್ ಮಾಡ್ಲಿಕ್ಕಿಲ್ಲ. ನೀನೂ ಮಾಡ್ಬೇಡ. ನಿನ್ನ ಹೆಸರು ಫೋನಿನಲ್ಲಿ ಬಂದರೆ ಇವರು ಊಟ ಬಿಟ್ಟು ಏಳ್ತಾರೆ. ನನ್ನ ಮೇಲೆ ಕೋಪ ಅಲ್ಲ. ಆ ಹೊತ್ತು ಸ್ಪ್ರೇ ಅಂತ ಹೇಳಿದ್ದು ಅವರಿಗೆ ತಡಕೊಳ್ಳಿಕ್ಕೆ ಆಗುವುದಿಲ್ಲ."

ಆಯಿತು ಅಕ್ಕ ಎಂದೆ.

ಶಾಲೆಯಿಂದ ಬಂದಾಗ ಮಗಳು ಮೆಟ್ಟಿಲ ತಿರುವುಗಳಲ್ಲಿ ಕಂಬಿ ಹಿಡಿದು ನಿಲ್ಲುತ್ತಾಳೆ. ಅವಸರ ಮಾಡಬೇಡ ಎಂದು ನಾನು ಹೇಳುವುದಿಲ್ಲ, ಅವಳಿಗೇ ಗೊತ್ತು. ಅವಳ ಚೀಲ ಹೆಗಲಿಗೆ ಹಾಕಿಕೊಂಡು ಒಂದು ಮೆಟ್ಟಿಲು ಕೆಳಗೆ ನಿಂತಿರುತ್ತೇನೆ. ಉಸಿರು ಸಮವಾದ ಮೇಲೆ ಅವಳೇ ಮುಂದೆ ಹತ್ತುತ್ತಾಳೆ.